ಬೆಳ್ಳಗಿರುವುದೆಲ್ಲ ಅಲ್ಬಿನೊ ಅಲ್ಲ

ಬಿಳಿ ಕಾಗೆಯ ಫೋಟೊ ಪತ್ರಿಕೆಯಲ್ಲಿ ಬಂದಾಗಲೆಲ್ಲ ಕೆಳಗಿನ ಒಕ್ಕಣೆ ಒಂದೇ: 'ಅಪರೂಪದ ಅಲ್ಬಿನೊ ಕಾಗೆ ಪತ್ತೆ'. ಚಿತ್ರದಲ್ಲಿ ಕಾಗೆಯ ಕಣ್ಣು ಕಪ್ಪಗೆ ಮಿಂಚುತ್ತಿರುತ್ತದೆ. ಒಕ್ಕಣೆ ಸುಳ್ಳೆನ್ನಲು ಆ ಕಣ್ಣೊಂದೇ ಸಾಕು.

ಅಲ್ಬಿನೊ ಹಕ್ಕಿಯ ಮೈಯಲ್ಲಿ ಮೆಲನಿನ್ ತಯಾರಾಗುವುದೇ ಇಲ್ಲ. ಅದಕ್ಕೆ ಬೇಕಾದ ಟೈರೊಸಿನೇಸ್ ಕಿಣ್ವ ಕೆಲಸ ಮಾಡುವುದಿಲ್ಲ. ಕಣ್ಣಿನಲ್ಲೂ ಬಣ್ಣವಿರದೆ ಒಳಗಿನ ರಕ್ತ ಕೆಂಪಗೆ ಕಾಣುತ್ತದೆ. ಬೆಳಕು ತಾಳದ, ದೂರದ ಅಂದಾಜು ಸಿಗದ ಕಣ್ಣು ಅದು. ಅದನ್ನು ನಂಬಿಕೊಂಡು ಹೆಚ್ಚು ದಿನ ಬದುಕುವುದು ಕಷ್ಟ. ವರ್ಷಗಟ್ಟಲೆ ಒಂದೇ ಬೀದಿಯಲ್ಲಿ ಕಾಣಿಸಿಕೊಳ್ಳುವ ಬಿಳಿ ಕಾಗೆ ಅಲ್ಬಿನೊ ಆಗಿರುವ ಸಾಧ್ಯತೆ ಬಲು ಕಡಿಮೆ. (ಹೊನ್ನಕ್ಕಿಯೊಂದು ಅಲ್ಬಿನೊ ಆಗಿ ಹುಟ್ಟಿದರೆ ಅದರ ಹಳದಿ ಹಾಗೇ ಉಳಿಯುತ್ತದೆ. ಆ ಹಳದಿ ತಿಂದ ಆಹಾರದಿಂದ ಬರುವ ಕೆರೊಟಿನಾಯ್ಡ್, ಮೆಲನಿನ್ ಅಲ್ಲ. ಅದನ್ನು ಯಾರೂ ಅಲ್ಬಿನೊ ಎನ್ನಲಿಕ್ಕಿಲ್ಲ!)

ಪತ್ರಿಕೆಯವರನ್ನು ಬೈಯುವುದು ಸುಲಭ. ನನ್ನ ಜಗಳ ನಮ್ಮವರೊಂದಿಗೆ, ಸಂಶೋಧಕರೊಂದಿಗೆ. ನಮ್ಮಲ್ಲಿ 'ಅಲ್ಬಿನೊ' ಹೋಗಿ 'ಲ್ಯೂಸಿಸಂ' ಬಂದಿದೆ, ಅಷ್ಟೆ. ಎರಡು ಬಿಳಿ ಗರಿ ಕಂಡರೂ ಲ್ಯೂಸಿಸಂ, ಮೈಯೆಲ್ಲ ಮಾಸಲಾಗಿದ್ದರೂ ಲ್ಯೂಸಿಸಂ. ಇಂಗ್ಲೆಂಡಿನ ಟ್ರಿಂಗ್ ಮ್ಯೂಸಿಯಂನ ಹೈನ್ ವಾನ್ ಗ್ರೌ 2013ರಲ್ಲೇ 'ಬ್ರಿಟಿಷ್ ಬರ್ಡ್ಸ್' ಪತ್ರಿಕೆಯಲ್ಲಿ ಇವನ್ನೆಲ್ಲ ಬಿಡಿಸಿ ಬರೆದಿದ್ದಾರೆ. ಲ್ಯೂಸಿಸಂ ಹುಟ್ಟಿನಿಂದಲೇ ಬಂದದ್ದು. ಬಣ್ಣದ ಕೋಶಗಳು ಚರ್ಮದ ಆ ಭಾಗಕ್ಕೆ ತಲುಪಿರುವುದೇ ಇಲ್ಲ, ಬಿಳಿ ಎಷ್ಟಿದೆಯೋ ಕೊನೆತನಕ ಅಷ್ಟೇ. ಮಾಮೂಲಿ ಬಣ್ಣದಲ್ಲೇ ಹುಟ್ಟಿ, ಗರಿ ಉದುರಿ ಹೊಸದು ಬಂದಾಗಲೆಲ್ಲ ಬಿಳಿ ಹೆಚ್ಚುತ್ತ ಹೋದರೆ ಅದು ನರೆ. ಕಪ್ಪಿರಬೇಕಾದಲ್ಲಿ ಕಂದು ಬಂದು, ಬಿಸಿಲಿಗೆ ಬಿಳಿಚಿಕೊಂಡ ಹಕ್ಕಿಯದು 'ಬ್ರೌನ್' ಎಂಬ ಇನ್ನೊಂದು ಮ್ಯುಟೇಶನ್; ಅದು ಲಿಂಗಸಂಬಂಧಿ, ಹಾಗಾಗಿ ಹೊರಗೆ ಕಾಣುವವು ಬಹುಪಾಲು ಹೆಣ್ಣು. ಕಳಪೆ ಆಹಾರದಿಂದಲೂ ಕಾಗೆಯ ರೆಕ್ಕೆಯಲ್ಲಿ ಬಿಳಿ ಪಟ್ಟೆ ಮೂಡಬಹುದು. ಹೊಟ್ಟೆಗೆ ಸರಿಯಾಗಿ ಬಿದ್ದರೆ ಮುಂದಿನ ಗರಿ ಕಪ್ಪಗೇ ಬಂದೀತು.

ವಂಶದಿಂದ ಬಂದದ್ದು, ವಯಸ್ಸಿನೊಂದಿಗೆ ಬಂದದ್ದು, ತಿಪ್ಪೆಯ ಊಟದಿಂದ ಬಂದದ್ದು, ಎಲ್ಲವನ್ನೂ ಒಂದೇ ಕಾಲಂನಲ್ಲಿ ಎಣಿಸಿ 'ನಗರದಲ್ಲಿ ಲ್ಯೂಸಿಸಂ ಹೆಚ್ಚುತ್ತಿದೆ' ಎಂದರೆ ಅದು ಯಾವುದರ ಲೆಕ್ಕ? ಊರಿನ ಕಸದ ಸಮಸ್ಯೆಯನ್ನು ಕಾಗೆಯ ವಂಶವಾಹಿಯ ತಲೆಗೆ ಕಟ್ಟಿದಂತಾಗಲಿಲ್ಲವೇ?

ಒಂದು ಫೋಟೊ ನೋಡಿ ಇಷ್ಟೆಲ್ಲ ಹೇಳಲಾಗದು ಎನ್ನುತ್ತಾರೆ. ನಿಜ. ಹಾಗಾದರೆ ಹೇಳಬೇಡಿ. 'ಕಣ್ಣು ಕಪ್ಪು, ಎಡರೆಕ್ಕೆಯಲ್ಲಿ ಮೂರು ಬಿಳಿ ಗರಿ, ಕಾರಣ ತಿಳಿಯದು' ಎಂದು ಬರೆದಿಡಿ; ಮುಂದಿನ ವರ್ಷ ಅದೇ ಹಕ್ಕಿಯನ್ನು ನೋಡುವವರಿಗೆ ಉಪಯೋಗಕ್ಕೆ ಬರುತ್ತದೆ. ದನದ ಮೈಬಣ್ಣ ನೋಡಿ ಕೆಂದ, ಕಪಿಲೆ ಎಂದು ಬೇರೆ ಬೇರೆ ಕರೆದವರು ನಾವು. ನರೆ, ಮಾಸಲು, ಬಿಳಿಚು ಎಂಬ ಶಬ್ದಗಳು ಕನ್ನಡದಲ್ಲಿ ಸಿದ್ಧವಾಗಿಯೇ ಇವೆ. ಲ್ಯೂಸಿಸಂ ಎಂಬ ಶೀರ್ಷಿಕೆಯ ಲೇಖನವೊಂದು ಕೈಗೆ ಬಂದರೆ ಪರಿಶೀಲಕರು ಮೊದಲು ಎರಡು ಪ್ರಶ್ನೆ ಕೇಳಲಿ: ಕಣ್ಣು ಯಾವ ಬಣ್ಣ? ಗರಿ ಬದಲಾದ ಮೇಲೆ ಮತ್ತೆ ನೋಡಿದಿರಾ?