ಕಾವಲುಗಾರನನ್ನು ಆರಿಸೋದು ಯಾರು?



ಹಾಸ್ಟೆಲ್ಲಿನ ಅಕ್ಕಿ ಎಲ್ಲಿ ಹೋಯ್ತು, ಸ್ಕಾಲರ್‌ಶಿಪ್ ಯಾಕೆ ಬರಲಿಲ್ಲ ಅಂತ ನಾವು ಕೇಳಿದ್ರೆ ದೊಡ್ಡವರದ್ದು ಒಂದೇ ಮಾತು: ಲೋಕಾಯುಕ್ತಕ್ಕೆ ಬರೀರಿ. ಬರೆಯೋಣ. ಅಫಿಡವಿಟ್ಟೂ ಹಾಕೋಣ. ಆದರೆ ಆ ಕುರ್ಚಿಯಲ್ಲಿ ಕೂರುವವರನ್ನು ಆರಿಸೋದು ಯಾರು?

1984ರ ಕರ್ನಾಟಕ ಲೋಕಾಯುಕ್ತ ಕಾಯಿದೆ ಪ್ರಕಾರ ಮುಖ್ಯಮಂತ್ರಿ ಸಲಹೆ ಕೊಡಬೇಕು, ರಾಜ್ಯಪಾಲರು ನೇಮಿಸಬೇಕು. ಅದಕ್ಕೆ ಮುಂಚೆ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ, ವಿಧಾನಸಭೆಯ ಸಭಾಧ್ಯಕ್ಷ, ಪರಿಷತ್ತಿನ ಸಭಾಪತಿ, ಎರಡೂ ಸದನಗಳ ವಿರೋಧ ಪಕ್ಷದ ನಾಯಕರು, ಈ ಐವರನ್ನು ಕೇಳಬೇಕು. ಓದೋಕೆ ಚೆಂದ. 2012ರಲ್ಲಿ ಬಿಜೆಪಿ ಸರ್ಕಾರ ಉಪಲೋಕಾಯುಕ್ತರೊಬ್ಬರನ್ನು ತಂದು ಕೂರಿಸಿದಾಗ ಮುಖ್ಯ ನ್ಯಾಯಮೂರ್ತಿಯನ್ನೇ ಕೇಳಿರಲಿಲ್ಲ. ಹೈಕೋರ್ಟ್ ನೇಮಕ ರದ್ದು ಮಾಡಿತು. 2013ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಆ ನೇಮಕ ನಿಲ್ಲೋದಿಲ್ಲ ಅಂದಿತು. ಆದರೆ ಅದೇ ತೀರ್ಪು ಇನ್ನೊಂದು ಮಾತನ್ನೂ ಹೇಳಿತು: ಐವರನ್ನೂ ಕೇಳಲೇಬೇಕು, ಕೊನೆಯ ಮಾತು ಮಾತ್ರ ಮುಖ್ಯಮಂತ್ರಿಯದು. ಲೋಕಾಯುಕ್ತರು ತನಿಖೆ ಮಾಡಬಹುದಾದವರ ಪಟ್ಟಿಯಲ್ಲಿ ಆ ಮುಖ್ಯಮಂತ್ರಿಯೂ ಇದ್ದಾರೆ! ಸಂತೆಗೆ ಹೋಗಿ ಹಗ್ಗ ಆರಿಸಿ ತರೋಕೆ ತುಡುಗು ದನವನ್ನೇ ಕಳಿಸಿದ ಹಾಗಾಯ್ತು.

2011ರ ಜುಲೈನಲ್ಲಿ ಸಂತೋಷ್ ಹೆಗ್ಡೆಯವರ ಗಣಿ ವರದಿ ಬಂತು, ಯಡಿಯೂರಪ್ಪನವರ ಕುರ್ಚಿ ಹೋಯ್ತು. ಆಳುವವರಿಗೆ ಪಾಠ ಆಯ್ತು. ಮುಂದೆ ಬಂದವರು ಸೆಪ್ಟೆಂಬರಿನಲ್ಲೇ ರಾಜೀನಾಮೆ ಕೊಟ್ಟರು. 2013ರ ಫೆಬ್ರವರಿವರೆಗೂ ಆ ಜಾಗ ಖಾಲಿ. ಖಾಲಿ ಕುರ್ಚಿ ಯಾರನ್ನೂ ಹಿಡಿಯೋದಿಲ್ಲವಲ್ಲ.

ಕಾಂಗ್ರೆಸ್ಸಿನವರು ಬೇರೆಯೇನಲ್ಲ. 2016ರ ಮಾರ್ಚಿನಲ್ಲಿ ಲೋಕಾಯುಕ್ತ ಪೊಲೀಸರ ಅಧಿಕಾರ ಕಿತ್ತು ತಮ್ಮ ಕೈಕೆಳಗೆ ಎಸಿಬಿ ಕಟ್ಟಿದರು. ಆಗ ಬೊಬ್ಬೆ ಹೊಡೆದ ಬಿಜೆಪಿ 2019ರಲ್ಲಿ ಅಧಿಕಾರಕ್ಕೆ ಬಂದು ಅದೇ ಎಸಿಬಿಯನ್ನು ಜೋಪಾನವಾಗಿ ಇಟ್ಟುಕೊಂಡಿತು. 2022ರ ಆಗಸ್ಟಿನಲ್ಲಿ ಹೈಕೋರ್ಟೇ ಅದನ್ನು ರದ್ದು ಮಾಡಬೇಕಾಯ್ತು. ಬಾವುಟ ಬೇರೆ, ಭಯ ಒಂದೇ.

ಬಾಬಾಸಾಹೇಬರಿಗೆ ಇದು ಗೊತ್ತಿತ್ತು. 1949ರ ಜೂನಿನಲ್ಲಿ ಚುನಾವಣಾ ಆಯುಕ್ತರ ನೇಮಕದ ಮಾತು ಬಂದಾಗ ಸಂವಿಧಾನ ಸಭೆಯಲ್ಲೇ ಹೇಳಿದರು: ದಡ್ಡನೋ, ವಂಚಕನೋ, ಸರ್ಕಾರದ ಮುಷ್ಟಿಯಲ್ಲಿರುವವನೋ ಆ ಜಾಗಕ್ಕೆ ಬರದಂತೆ ತಡೆಯುವ ವ್ಯವಸ್ಥೆ ಇಲ್ಲ ಅಂತ. 2023ರಲ್ಲಿ ದಿಲ್ಲಿಯವರು ಅದಕ್ಕೊಂದು ಕಾಯಿದೆ ಮಾಡಿದರು. ಆರಿಸೋ ಸಮಿತಿಯಲ್ಲಿ ಪ್ರಧಾನಿ, ಪ್ರಧಾನಿಯೇ ಹೆಸರಿಸಿದ ಮಂತ್ರಿ, ವಿರೋಧ ಪಕ್ಷದ ನಾಯಕ. ಲೆಕ್ಕ ಹಾಕೋಕೆ ಬೆರಳೂ ಬೇಡ.

ಉಳ್ಳವರಿಗೆ ಲೋಕಾಯುಕ್ತ ಇಲ್ಲದಿದ್ರೂ ವಕೀಲರಿದ್ದಾರೆ, ನೆಂಟರಿದ್ದಾರೆ, ಜಾತಿಯ ಮಠ ಇದೆ. ಹಾಸ್ಟೆಲ್ ಹುಡುಗನಿಗೆ ಇರೋದು ಒಂದು ಅರ್ಜಿ. ಅದನ್ನು ಓದುವವನು ಯಾರ ಋಣದಲ್ಲಿದ್ದಾನೆ ಅನ್ನೋದು ನಮ್ಮ ಅನ್ನದ ಪ್ರಶ್ನೆ.

ನೇಮಕದ ಆದೇಶಕ್ಕೆ ಮುಂಚೆ ಪರಿಶೀಲನೆಯಲ್ಲಿರುವ ಹೆಸರುಗಳೆಲ್ಲ ಹೊರಗೆ ಬರಬೇಕು. ಆ ಐವರು ಏನು ಬರೆದುಕೊಟ್ಟರು ಅನ್ನೋದೂ ಅಚ್ಚಾಗಬೇಕು. ಇದು ನಮ್ಮ ಒತ್ತಾಯ. ವಿಧಾನಸಭೆಗೆ ಮೀಸಲು ಕ್ಷೇತ್ರಗಳಿಂದ ಗೆದ್ದು ಹೋಗುವವರು 51 ಮಂದಿ, 36 ಪರಿಶಿಷ್ಟ ಜಾತಿ, 15 ಪರಿಶಿಷ್ಟ ಪಂಗಡ. ಏಪ್ರಿಲ್ 14ಕ್ಕೆ ಹಾರ ಹಿಡ್ಕೊಂಡು ಹಾಸ್ಟೆಲ್ಲಿಗೆ ಬರ್ತಾರಲ್ಲ, ಆಗ ಕೇಳಿ: ಸ್ವಾಮಿ, ಸದನದಲ್ಲಿ ಈ ಪ್ರಶ್ನೆ ಯಾವತ್ತು ಎತ್ತುತೀರಿ?