ಶ್ರೀಶೈಲದ ಕಾಲುದಾರಿಯಲ್ಲಿ

ಹೋಳಿ ಹುಣ್ಣಿಮೆ ಕಳೆಯಿತೆಂದರೆ ಬಾಗಲಕೋಟೆ, ವಿಜಯಪುರ, ಬೆಳಗಾವಿ, ರಾಯಚೂರು ಸೀಮೆಯ ಊರೂರುಗಳಲ್ಲಿ ಕಂಬಿ ಹೊರಡುವ ಸಡಗರ. ಯುಗಾದಿಯ ಹೊತ್ತಿಗೆ ಶ್ರೀಶೈಲ ಮುಟ್ಟಬೇಕೆಂಬ ಸಂಕಲ್ಪದಿಂದ ಸಾವಿರಾರು ಭಕ್ತರು ಮಲ್ಲಯ್ಯನ ನಾಮಸ್ಮರಣೆ ಮಾಡುತ್ತ ನಡೆದೇ ಹೋಗುತ್ತಾರೆ. ಮರಗಾಲು ಕಟ್ಟಿಕೊಂಡು ಹೋಗುವ ಸಾಹಸಿಗಳೂ ಉಂಟು. ಈ ಅಂಕಣದಲ್ಲಿ ಸಾಮಾನ್ಯವಾಗಿ ಮನೆಯೊಳಗಿನ ಆರೋಗ್ಯದ ಮಾತೇ ಹೆಚ್ಚು. ಈ ತಿಂಗಳು ಮಾತ್ರ ಹೊಸ್ತಿಲು ದಾಟಿ, ಆ ಕಾಡುದಾರಿಯ ಬಗ್ಗೆ ನಾಲ್ಕು ಮಾತು ಬರೆಯುವ ಮನಸ್ಸಾಗಿದೆ. ನಮ್ಮ ಓದುಗರ ಮನೆಗಳಿಂದ ಹೊರಡುವವರಲ್ಲಿ ಅರವತ್ತು ದಾಟಿದ ಹಿರಿಯರೇ ಅನೇಕರು ಎಂಬುದು ಅದಕ್ಕೆ ಕಾರಣ.

ಕರ್ನೂಲು ದಾಟಿ ಆತ್ಮಕೂರಿನವರೆಗೆ ಊರುಗಳು ಸಿಗುತ್ತವೆ, ದಾಸೋಹಗಳು ಸಿಗುತ್ತವೆ, ಅಲ್ಲಿ ಭಯವಿಲ್ಲ. ನಿಜವಾದ ಪರೀಕ್ಷೆ ವೆಂಕಟಾಪುರದಿಂದ ಆಚೆಗಿನದು. ಅಲ್ಲಿಂದ ನಾಗಲೂಟಿ, ಪೆದ್ದಚೆರುವು, ಭೀಮುನಿ ಕೊಲನು, ಕೈಲಾಸದ್ವಾರ ಎಂದು ಸಾಗುವ ದಾರಿ ನಲ್ಲಮಲೆಯ ಎದೆಯನ್ನೇ ಸೀಳಿಕೊಂಡು ಹೋಗುತ್ತದೆ. ಇದು ನಾಗಾರ್ಜುನಸಾಗರ–ಶ್ರೀಶೈಲಂ ಹುಲಿ ಸಂರಕ್ಷಿತ ಪ್ರದೇಶ. ವಿಸ್ತಾರದಲ್ಲಿ ದೇಶದಲ್ಲೇ ದೊಡ್ಡದು. ಹಬ್ಬದ ದಿನಗಳಲ್ಲಿ ಅರಣ್ಯ ಇಲಾಖೆ ಬಿಟ್ಟುಕೊಡುವ ದಾರಿಯಲ್ಲಿ, ಅವರು ಹೇಳಿದ ದಿನಗಳಲ್ಲಿ ಮಾತ್ರ ನಡೆಯತಕ್ಕದ್ದು.

ಹೊರಡುವ ಮುನ್ನ ಈ ನೆಲದ ಚಿತ್ರವನ್ನು ಮನಸ್ಸಿನಲ್ಲಿ ಬರೆದುಕೊಳ್ಳುವುದು ಒಳ್ಳೆಯದು. ಆತ್ಮಕೂರಿನಿಂದ ಶ್ರೀಶೈಲ ಈಶಾನ್ಯಕ್ಕಿದೆ. ಬೆಳಗಿನ ಸೂರ್ಯ ನಿಮ್ಮ ಮುಖಕ್ಕೆ, ತುಸು ಬಲಗಡೆಯಿಂದ ಹೊಡೆಯಬೇಕು. ಸಂಜೆಯ ಸೂರ್ಯ ಬೆನ್ನಿಗೆ ಬೀಳಬೇಕು. ಎಡಗಡೆಗೆ, ಅಂದರೆ ಉತ್ತರಕ್ಕೆ, ಕೃಷ್ಣೆಯ ಆಳವಾದ ಕಣಿವೆ. ಬಲಗಡೆಗೆ, ದೂರದಲ್ಲಿ, ಆತ್ಮಕೂರಿನಿಂದ ದೋರ್ನಾಲಕ್ಕೆ ಹೋಗುವ ಮೋಟಾರು ರಸ್ತೆ. ದಾರಿ ತಪ್ಪಿದವರು ಹಳ್ಳದ ಜಾಡು ಹಿಡಿದು ಇಳಿದರೆ ಊರು ಸಿಕ್ಕೀತೆಂಬ ನಮ್ಮ ಬಯಲುಸೀಮೆಯ ನಂಬಿಕೆ ಇಲ್ಲಿ ಉಪಯೋಗಕ್ಕೆ ಬಾರದು. ಇಲ್ಲಿಯ ಹಳ್ಳಗಳು ಊರಿಗಲ್ಲ, ಕಡಿದಾದ ಕೊರಕಲುಗಳಿಗೆ ಕರೆದೊಯ್ಯುತ್ತವೆ.

ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. 2016ರ ಯುಗಾದಿಗೆ ನನ್ನ ಸೋದರಮಾವನವರೊಡನೆ ನಡೆದಿದ್ದೆ. ಅವರಿಗಾಗ ಐವತ್ತೆಂಟು, ಹೊಲದಲ್ಲಿ ದುಡಿದ ಗಟ್ಟಿ ದೇಹ. ನಾಗಲೂಟಿ ದಾಟಿದ ಮೇಲೆ ಒಂದು ಕವಲಿನಲ್ಲಿ ಜನಜಂಗುಳಿ ತಪ್ಪಿಸಿಕೊಳ್ಳಲೆಂದು ನಾವು ಆರು ಮಂದಿ ಎಡಗಡೆಯ ಜಾಡು ಹಿಡಿದೆವು. "ಇದ ಸನೇದ ದಾರಿ ಬಾರವಾ" ಎಂದರು ಮಾವ. ಅರ್ಧ ತಾಸು ನಡೆದ ಮೇಲೆ ಹಾಡು ಕೇಳಿಸಲಿಲ್ಲ, ಜಯಘೋಷ ಕೇಳಿಸಲಿಲ್ಲ. ಆಗಲೂ ಯಾರೂ ನಿಲ್ಲಲಿಲ್ಲ. ಹಿಂದಿರುಗಿದರೆ ನಡೆದದ್ದು ವ್ಯರ್ಥವಾಗುತ್ತದಲ್ಲ ಎಂಬ ಲೋಭ. ಅದು ದನಗಳು ನೀರಿಗೆ ಹೋಗುವ ಜಾಡಾಗಿತ್ತು. ಒಣಗಿದ ಹೊಂಡದೆದುರು ಮುಗಿಯಿತು.

ಆಮೇಲೆ ನೆನೆದಾಗ ತಿಳಿಯಿತು, ಕಾಡು ನಮಗೆ ಮೊದಲೇ ಹೇಳಿತ್ತು. ಸಾವಿರಾರು ಜನ ತುಳಿದ ದಾರಿಯಲ್ಲಿ ಒಣಗಿದೆಲೆಗಳು ಪುಡಿಯಾಗಿ ಮಣ್ಣಿನೊಡನೆ ಬೆರೆತಿರುತ್ತವೆ, ಹೆಜ್ಜೆಗೆ ಧೂಳು ಏಳುತ್ತದೆ, ಅಲ್ಲಲ್ಲಿ ಬಾಳೆಹಣ್ಣಿನ ಸಿಪ್ಪೆ, ಮುಳ್ಳಿಗೆ ಸಿಕ್ಕಿದ ಅರಿವೆಯ ಚೂರು ಕಾಣುತ್ತವೆ. ನಮ್ಮ ಕಾಲಡಿಯಲ್ಲಿ ತೇಗದ ಎಲೆಗಳು ಇಡಿಯಾಗಿದ್ದವು, ಹೆಜ್ಜೆಹೆಜ್ಜೆಗೂ ಚರಚರ ಸದ್ದು ಮಾಡುತ್ತಿದ್ದವು. ಕಾಲಡಿಯ ಎಲೆ ಮುರಿಯದೆ ಬಿದ್ದಿದ್ದರೆ ಅಲ್ಲಿಯೇ ನಿಲ್ಲಿರಿ. ಮುಂದೆ ಹೋಗಿ ದಾರಿ ಹುಡುಕುವ ಬದಲು, ಬಂದ ಹೆಜ್ಜೆಯನ್ನೇ ಹಿಡಿದು ಕವಲಿಗೆ ಮರಳಿರಿ. ಬಂದ ಜಾಡೂ ಕಾಣದಾದರೆ ಕುಳಿತುಬಿಡಿ; ಮೂರು ಸಲ ಸೀಟಿ ಊದಿ, ಒಂದು ನಿಮಿಷ ಕಿವಿಗೊಟ್ಟು, ಮತ್ತೆ ಮೂರು ಸಲ ಊದಿರಿ. ಕೂಗುವವನ ಗಂಟಲು ಬೇಗ ಒಣಗುತ್ತದೆ. ಸೀಟಿಯ ಸದ್ದು ದೂರಕ್ಕೂ ಕೇಳುತ್ತದೆ. ಕಾಡಿನೊಳಗೆ ಮೊಬೈಲಿನ ಭರವಸೆ ಬೇಡ.

ಆ ಹೊಂಡದ ಬಳಿ ಮಾವ ಕುಳಿತುಕೊಂಡರು. ಸ್ವಲ್ಪ ಹೊತ್ತಿನಲ್ಲಿ ನನ್ನನ್ನು ನನ್ನ ತಾಯಿಯ ಹೆಸರಿನಿಂದ ಕರೆಯತೊಡಗಿದರು. ತಾಯಿ ತೀರಿಕೊಂಡು ಆಗಲೇ ನಾಲ್ಕು ವರ್ಷವಾಗಿತ್ತು. ಮೊದಲು ನನಗೆ ಕಣ್ಣೀರು ಬಂತು, ಭಕ್ತಿಯ ಭಾವಾವೇಶವೆಂದುಕೊಂಡೆ. ಮೈ ಮುಟ್ಟಿ ನೋಡಿದರೆ ಕಾದ ಹಂಚು. ಬಿಸಿಲಿಗೆ ದಣಿದವನಿಗೆ ತಲೆನೋವು, ಓಕರಿಕೆ, ಮೀನಖಂಡದ ಸೆಳೆತ ಬಂದರೆ ನೆರಳು, ನೀರು, ವಿಶ್ರಾಂತಿ ಸಾಕು. ಮಾತು ತಡವರಿಸಿದರೆ, ಗುರುತು ತಪ್ಪಿದರೆ ಅದು ಬಿಸಿಲಾಘಾತ, ಪ್ರಾಣಕ್ಕೇ ಅಪಾಯ. ಮೈ ಬೆವರುತ್ತಿದೆಯೆಂದು ಧೈರ್ಯ ತಾಳಬಾರದು, ನಡೆದು ದಣಿದವರಿಗೆ ಬೆವರುತ್ತಿರುವಾಗಲೇ ಇದು ಬರಬಹುದು. ಅಂಥವರನ್ನು ತಕ್ಷಣ ತಂಪು ಮಾಡಬೇಕು. ಬಟ್ಟೆ ಸಡಿಲಿಸಿ, ಇಡೀ ಮೈಗೆ ನೀರು ಹನಿಸಿ, ಬಿಡದೆ ಗಾಳಿ ಹಾಕಬೇಕು. ಅರೆಪ್ರಜ್ಞೆಯಲ್ಲಿದ್ದವರ ಬಾಯಿಗೆ ನೀರು ಸುರಿಯಬಾರದು, ಉಸಿರು ಕಟ್ಟೀತು.

ನಮ್ಮಲ್ಲಿ ಉಳಿದಿದ್ದದ್ದು ಎರಡು ಸೀಸೆ ನೀರು. ಒಂದನ್ನು ಅವರ ದೋತರಕ್ಕೂ ಎದೆಗೂ ಸುರಿದು, ಟವೆಲಿನಿಂದ ಸರದಿಯಂತೆ ಬೀಸಿದೆವು. ನಮ್ಮ ಗದ್ದಲ ಕೇಳಿ ಬಂದವರು ಒಬ್ಬ ಚೆಂಚು ವೃದ್ಧರು. ಭಾಷೆ ಪೂರ್ತಿ ತಿಳಿಯಲಿಲ್ಲ, ತಿಳಿಯಬೇಕಾಗಿಯೂ ಇರಲಿಲ್ಲ. ತಮ್ಮ ಸೋರೆಬುರುಡೆಯ ನೀರನ್ನು ಮಾವನವರ ತಲೆಗೆ ಹನಿಸಿದರು. ಗುರುತು ಮರಳಿದ ಮೇಲೆ ಮುಂದೆ ಮುಂದೆ ನಡೆದು ಹೆದ್ದಾರಿಗೆ ತಂದು ಬಿಟ್ಟರು. ಅಲ್ಲಿಂದ ಹುಡುಗರು ಮಾವನವರನ್ನು ಹೊತ್ತು ವೈದ್ಯಕೀಯ ಶಿಬಿರ ಮುಟ್ಟಿಸಿದರು. ಶತಮಾನಗಳಿಂದ ಈ ಕಾಡಿನಲ್ಲಿ ಬಾಳುತ್ತಿರುವ ಆ ಜನರನ್ನು ನಮ್ಮ ಯಾತ್ರಿಕರು ದಾರಿಬದಿಯ ನೋಟದಂತೆ ನೋಡಿ ಹೋಗುವುದನ್ನು ಕಂಡಾಗ ನನಗೆ ನಾಚಿಕೆಯಾಗುತ್ತದೆ.

ಚೈತ್ರದಲ್ಲಿ ನಲ್ಲಮಲೆಯ ಮರಗಳು ಎಲೆ ಉದುರಿಸಿ ನಿಂತಿರುತ್ತವೆ, ಕಾಡೆಂದರೆ ನೆರಳೆಂಬ ಲೆಕ್ಕಾಚಾರ ಅಲ್ಲಿ ತಪ್ಪುತ್ತದೆ. ಹನ್ನೊಂದರಿಂದ ನಾಲ್ಕರವರೆಗೆ ನಡೆಯದಿರುವುದೇ ಜಾಣತನ. ಬರೀ ನೀರನ್ನೇ ಕುಡಿಯುತ್ತ ಹೋದರೆ ಬೆವರಿನಲ್ಲಿ ಹೋದ ಉಪ್ಪು ತುಂಬಿಬರುವುದಿಲ್ಲ. ಒಂದು ಲೀಟರ್ ಶುದ್ಧ ನೀರಿಗೆ ಸಮನಾಗಿ ತುಂಬಿದ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿಕೊಳ್ಳಿರಿ, ಇಲ್ಲವೇ ಉಪ್ಪು ಹಾಕಿದ ಮಜ್ಜಿಗೆಯಾದರೂ ಸರಿ. ಕಡಕ್ ರೊಟ್ಟಿ, ಶೇಂಗಾ ಚಟ್ನಿ ಕೆಡುವುದಿಲ್ಲವಾದ್ದರಿಂದ ಎಲ್ಲರ ಗಂಟಿನಲ್ಲೂ ಇರುತ್ತವೆ. ಆದರೆ ಅವು ನೀರನ್ನು ಬೇಡುವ ಆಹಾರ, ಲೆಕ್ಕದಲ್ಲಿರಲಿ.

ಬರಿಗಾಲಿನ ಹರಕೆ ಹೊತ್ತವರಿಗೆ ಚಪ್ಪಲಿ ಮೆಟ್ಟಿರೆನ್ನಲು ನನಗೆ ಬಾಯಿ ಬಾರದು. ಆದರೆ ಸಕ್ಕರೆ ಕಾಯಿಲೆಯವರಿಗೆ ಹೇಳಲೇಬೇಕು. ಹಲವರಿಗೆ ಪಾದದ ಸ್ಪರ್ಶಜ್ಞಾನ ಕುಂದಿರುತ್ತದೆ. ಕಾದ ಕಲ್ಲು ಸುಟ್ಟದ್ದಾಗಲಿ ಮುಳ್ಳು ಹೊಕ್ಕದ್ದಾಗಲಿ ತಿಳಿಯುವುದೇ ಇಲ್ಲ. ಆ ಗಾಯ ಊರಿಗೆ ಮರಳಿದ ಮೇಲೆ ಕಾಲನ್ನೇ ಕೇಳಬಹುದು. ಅಂಥವರು ಮೆತ್ತನೆಯ ಪಾದರಕ್ಷೆ ಧರಿಸಿ, ರಾತ್ರಿ ಮನೆಯವರಿಂದ ಅಂಗಾಲು ನೋಡಿಸಿಕೊಳ್ಳಬೇಕು. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಗುಳಿಗೆ ನುಂಗುವವರು ಹೊರಡುವ ಮುನ್ನ ವೈದ್ಯರನ್ನು ಕಾಣಲಿ. ತಾವಾಗಿಯೇ ಗುಳಿಗೆ ನಿಲ್ಲಿಸುವುದು ಬೇಡ.

ಹುಲಿಯ ಮಾತು ಎಲ್ಲರೂ ಆಡುತ್ತಾರೆ. ನಾನು ಅಂಜುವುದು ಕರಡಿಗೆ. ಹಿಪ್ಪೆಯ ಹೂ ಉದುರುವ ಕಾಲವಿದು, ಕರಡಿಗೆ ಅದರ ಮೇಲೆ ಆಸೆ. ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಒಬ್ಬರೇ ಪೊದೆಯ ಮರೆಗೆ ಹೋಗಬಾರದು. ಗುಂಪಾಗಿ ಹಾಡುತ್ತ ನಡೆದರೆ ಅದಾಗಿಯೇ ಸರಿದುಹೋಗುತ್ತದೆ. ಬೀಡಿಯ ಕಿಡಿ, ಆರಿಸದ ಒಲೆ ಈ ತರಗೆಲೆಯ ರಾಶಿಯಲ್ಲಿ ಏನು ಮಾಡಬಲ್ಲದೆಂದು ಬಿಡಿಸಿ ಹೇಳಬೇಕಿಲ್ಲ.

ಕೊನೆಯ ಕಷ್ಟ ಭೀಮುನಿ ಕೊಲನು. ದಣಿದ ಮೊಣಕಾಲುಗಳು ಅಲ್ಲಿ ಕಣಿವೆಗೆ ಇಳಿದು, ಮತ್ತೆ ಮೆಟ್ಟಿಲು ಹತ್ತಬೇಕು. ಜನರ ನೂಕಾಟವೂ ಅಲ್ಲಿಯೇ ಹೆಚ್ಚು. ನಸುಕಿನಲ್ಲಿ ಅಲ್ಲಿಗೆ ತಲುಪುವಂತೆ ಹಿಂದಿನ ದಿನ ಬೇಗ ತಂಗಿರಿ, ಕೋಲು ಹಿಡಿದಿರಿ. ಕೈಲಾಸದ್ವಾರದ ಕಮಾನು ಕಂಡಿತೆಂದರೆ ಮುಂದೆ ವಾಹನ ಬರುವ ದಾರಿಯುಂಟು.

ಪ್ರತಿಯೊಬ್ಬರ ಜೇಬಿನಲ್ಲಿ ಹೆಸರು, ಊರು, ಮನೆಯ ದೂರವಾಣಿ, ಕಾಯಿಲೆ, ಗುಳಿಗೆಗಳ ಹೆಸರು ಬರೆದ ಚೀಟಿಯಿರಲಿ. ಕನ್ನಡದಲ್ಲಷ್ಟೇ ಅಲ್ಲ, ತೆಲುಗಿನಲ್ಲೂ ಬರೆಸಿರಿ. ಕಂಬಿಯ ಗುಂಪಿನ ಹಿಂದೆ ಒಬ್ಬ ಗಟ್ಟಿ ಯುವಕನನ್ನು ನೇಮಿಸಿ, ಅವನಿಗಿಂತ ಹಿಂದೆ ಯಾರೂ ಉಳಿಯಬಾರದೆಂದು ಕಟ್ಟು ಮಾಡಿರಿ.

ಮಾವನವರು ಈ ವರ್ಷವೂ ಹೊರಟಿದ್ದಾರೆ. ಉಪ್ಪು–ಸಕ್ಕರೆಯ ಪೊಟ್ಟಣಗಳನ್ನು ಅವರ ಚೀಲದಲ್ಲಿ ಇಟ್ಟಿದ್ದೇನೆ, ಚೀಟಿಯನ್ನು ಅಂಗಿಯ ಒಳಜೇಬಿಗೆ ಹೊಲಿದಿದ್ದೇನೆ. ಕೊರಳಿಗೆ ಸೀಟಿ ಕಟ್ಟಿಕೊಳ್ಳಲು ಮಾತ್ರ, "ನಾ ಏನ್ ಪೊಲೀಸೇನವಾ?" ಎಂದು ಇನ್ನೂ ಒಪ್ಪಿಲ್ಲ.