ಯಂತ್ರದ ಮಾತು: ಎಲ್ಲಿ ಗ್ರೀಸು, ಎಲ್ಲಿ ಎಣ್ಣೆ?

ಮಳೆಗಾಲದಲ್ಲಿ ದೊಡ್ಡ ಯಾಂತ್ರಿಕ ದೋಣಿಗಳಿಗೆ ಕಡಲು ಮುಚ್ಚಿರುವಾಗ ನಮ್ಮ ಕರಾವಳಿಯ ನಾಡದೋಣಿಗಳಿಗೆ ಸುಗ್ಗಿ. ಆ ಕೆಲವು ವಾರಗಳಲ್ಲಿ ದೋಣಿಯ ಹಿಂಬದಿಯ ಔಟ್‌ಬೋರ್ಡ್ ಎಂಜಿನು ನಿಂತರೆ ಮನೆಯ ವರ್ಷದ ಲೆಕ್ಕವೇ ತಪ್ಪುತ್ತದೆ. ಅಳಿವೆಬಾಯಿಯ ಅಲೆಗಳಲ್ಲಿ ನಿಂತರಂತೂ ಪ್ರಾಣದ ಮಾತು. ನಮ್ಮ ವಾಚಕರಲ್ಲಿ ಊರಿನ ದೋಣಿಯಲ್ಲಿ ಪಾಲಿರುವವರೂ, ತಮ್ಮಂದಿರಿಗೆ ಬಿಡಿಭಾಗ ಕೊಂಡು ಕಳುಹಿಸುವವರೂ ಇರುವುದರಿಂದ ಈ ಸಲ ಇದೇ ವಿಷಯ.

ನೀರೊಳಗೆ ಇಳಿಯುವ ಭಾಗವನ್ನು ಎಂಜಿನಿನ ಕಾಲು ಎನ್ನೋಣ. ಮೇಲಿನಿಂದ ಬಂದ ನೆಟ್ಟನೆಯ ಶಾಫ್ಟು, ಅದರ ತಿರುಗಾಟವನ್ನು ಅಡ್ಡಕ್ಕೆ ಹೊರಳಿಸುವ ಗೇರುಗಳು, ಪ್ರೊಪೆಲ್ಲರು, ನೀರಿನ ಪಂಪು, ಇಷ್ಟೂ ಅಲ್ಲಿವೆ. ಬಿಚ್ಚಿದವರು ಮರಳಿ ಜೋಡಿಸುವಾಗ ಒಂದೇ ಡಬ್ಬಿಯ ಗ್ರೀಸನ್ನು ಎಲ್ಲ ಕಡೆಗೂ ಬಳಿಯುವುದುಂಟು. ಇದು ಸಲ್ಲದು.

ಗೇರಿಗೂ ಬೇರಿಂಗಿಗೂ ಗೇರು ಎಣ್ಣೆಯನ್ನೇ ಸವರಬೇಕು. ಸೀಲಿನ ತುಟಿಗೆ ಮಾತ್ರ ನೀರಿಗೆ ತೊಳೆದುಹೋಗದ ಮೆರೀನ್ ಗ್ರೀಸು. ಒಣಗಿದ ತುಟಿ ಎಂಜಿನು ತಿರುಗಿದ ಮೊದಲ ಗಳಿಗೆಯಲ್ಲೇ ಸುಟ್ಟು ಸವೆಯುತ್ತದೆ. ಆಮೇಲೆ ಎಣ್ಣೆ ಹೊರಕ್ಕೆ, ಉಪ್ಪುನೀರು ಒಳಕ್ಕೆ. ಪ್ರೊಪೆಲ್ಲರು ಶಾಫ್ಟಿನ ಹಲ್ಲುಗಳಿಗೆ ಇದೇ ಗ್ರೀಸನ್ನು ಧಾರಾಳವಾಗಿ ಹಚ್ಚಿರಿ. ಹಚ್ಚದಿದ್ದರೆ ಉಪ್ಪು ಕಚ್ಚಿ, ಮುಂದಿನ ಸಲ ಪ್ರೊಪೆಲ್ಲರನ್ನು ಕಳಚಲು ಸುತ್ತಿಗೆಯೇ ಗತಿ. ಅಲ್ಯೂಮಿನಿಯಮ್ ಕವಚದಲ್ಲಿ ಸ್ಟೀಲ್ ಬೋಲ್ಟು ಕೂರುವ ಮರೆಗಳಿಗೂ ಇದೇ ನ್ಯಾಯ.

ನೆಟ್ಟನೆಯ ಶಾಫ್ಟಿನ ವಿಚಾರದಲ್ಲಿ ಎಚ್ಚರ ಬೇಕು. ಅದರ ಹಲ್ಲುಗಳ ಬದಿಗೆ ತೆಳ್ಳಗೆ ಗ್ರೀಸು ಸರಿ. ತುದಿಯ ನೆತ್ತಿಗೆ ಕೂಡದು. ನೆತ್ತಿಯ ಗ್ರೀಸಿಗೆ ಹೊರಬರಲು ದಾರಿಯಿಲ್ಲ. ಅಲ್ಲೇ ಸಿಕ್ಕಿಕೊಂಡು ಶಾಫ್ಟು ಪೂರ್ತಿ ಕೂರದಂತೆ ತಡೆಯುತ್ತದೆ. ಹಾಗಿದ್ದೂ ಬೋಲ್ಟು ಬಿಗಿದರೆ ಒತ್ತಡವೆಲ್ಲ ಒಳಗಿನ ಭಾಗಗಳ ಮೇಲೆ. ಹೆಚ್ಚು ಹಚ್ಚಿದಷ್ಟೂ ಒಳ್ಳೆಯದೆಂಬ ನಂಬಿಕೆ ಇಲ್ಲಿ ದುಬಾರಿಯಾದೀತು.

ಪಂಪಿನ ರಬ್ಬರು ರೆಕ್ಕೆಗೆ ಸಾಮಾನ್ಯ ಗ್ರೀಸು ಬೇಡ. ಕೆಲವು ಬಗೆಯ ರಬ್ಬರು ಅದರಿಂದ ಊದಿಕೊಳ್ಳುತ್ತದೆ. ಸಾಬೂನು ನೀರೋ ಗ್ಲಿಸರಿನ್ನೋ ಸಾಕು. ತಯಾರಕರ ಕೈಪಿಡಿ ಬೇರೊಂದನ್ನು ಹೇಳಿದರೆ ಅದೇ ಪ್ರಮಾಣ. ಮುಚ್ಚಳ ಇಳಿಸುವಾಗ ಶಾಫ್ಟನ್ನು ಎಂಜಿನು ತಿರುಗುವ ದಿಕ್ಕಿಗೇ ತಿರುಗಿಸುತ್ತ ಬಂದರೆ ರೆಕ್ಕೆಗಳು ಸರಿಯಾಗಿ ಬಾಗುತ್ತವೆ.

ಕೊನೆಗೆ ಗೇರು ಎಣ್ಣೆ. ಎಂಜಿನನ್ನು ನೆಟ್ಟಗೆ ನಿಲ್ಲಿಸಿ, ಕೆಳಗಿನ ತೂತಿನಿಂದ ಎಣ್ಣೆ ಏರಿಸಬೇಕು. ಮೇಲಿನಿಂದ ಹೊಯ್ದರೆ ಗಾಳಿ ಒಳಗೇ ಉಳಿಯುತ್ತದೆ. ಮೇಲಿನ ತೂತಿನಲ್ಲಿ ಗುಳ್ಳೆಯಿಲ್ಲದ ಎಣ್ಣೆ ಕಂಡಾಗ ಮೊದಲು ಮೇಲಿನ ಸ್ಕ್ರೂ ಹಾಕಿ, ಆಮೇಲೆ ಕೆಳಗಿನ ನಳಿಗೆ ತೆಗೆದು ಆ ಸ್ಕ್ರೂವನ್ನೂ ಬಿಗಿಯಿರಿ. ಎರಡಕ್ಕೂ ಹೊಸ ವಾಷರು ಇರಲಿ. ಹಳೆಯದರಲ್ಲಿ ಮಾಡುವ ಉಳಿತಾಯ ಉಳಿತಾಯವಲ್ಲ. ಒಂದೆರಡು ಸಲ ಕಡಲಿಗೆ ಹೋಗಿ ಬಂದಮೇಲೆ, ಎಂಜಿನು ಕೆಲಹೊತ್ತು ನಿಂತಿದ್ದಾಗ, ಕೆಳಗಿನ ಸ್ಕ್ರೂ ಸಡಿಲಿಸಿ ನಾಲ್ಕು ಹನಿ ನೋಡಿರಿ. ಹಾಲು ಬೆರೆಸಿದಂತಿದ್ದರೆ ನೀರು ನುಗ್ಗಿದೆ; ಮತ್ತೆ ದೋಣಿ ಇಳಿಸುವ ಮುನ್ನ ಸೀಲು ಬದಲಿಸಬೇಕು.